ಕೋಡ್ ಎಐ ಬರೆಯುತ್ತಂತೆ, ಹಾಗಾದ್ರೆ ಲೇಆಫ್ ಆಗಿದ್ದು ಯಾಕೆ?

2025ರ ಅಕ್ಟೋಬರ್ ಕೊನೇ ವಾರ ಅಮೆಜಾನ್ ಸುಮಾರು 14,000 ಕಾರ್ಪೊರೇಟ್ ಹುದ್ದೆ ತೆಗೀತೀವಿ ಅಂತ ಹೇಳ್ತು. ಉದ್ಯೋಗಿಗಳಿಗೆ ಹೋದ ಮೆಸೇಜಲ್ಲಿ ಇಂಟರ್ನೆಟ್ ಬಂದಮೇಲೆ ಎಐಯಷ್ಟು ದೊಡ್ಡ ಬದಲಾವಣೆ ಬಂದೇ ಇಲ್ಲ ಅನ್ನೋ ಅರ್ಥದ ಮಾತಿತ್ತು, ಹಾಗಾಗಿ ಎಲ್ಲಾ ಕಡೆ ಎಐಯಿಂದ ಕೆಲಸ ಹೋಯ್ತು ಅಂತಲೇ ಸುದ್ದಿ ಓಡಾಡ್ತು. ಎರಡು ದಿನ ಬಿಟ್ಟು ಹೂಡಿಕೆದಾರರ ಕಾಲ್‌ನಲ್ಲಿ ಸಿಇಒ ಆಂಡಿ ಜಾಸಿ, ಇದು ದುಡ್ಡಿನ ಕಾರಣಕ್ಕೂ ಅಲ್ಲ, ಸದ್ಯಕ್ಕೆ ಎಐ ಕಾರಣಕ್ಕೂ ಅಲ್ಲ, ಕಂಪನಿಯ ಕಲ್ಚರ್ ಕಾರಣಕ್ಕೆ ಅಂದ್ರು. ಆದ್ರೆ ಇದೇ ಜಾಸಿ ಅದೇ ವರ್ಷ ಜೂನ್‌ನಲ್ಲಿ, ಎಐ ಬಳಕೆಯಿಂದ ಮುಂದಿನ ಕೆಲವು ವರ್ಷದಲ್ಲಿ ನಮ್ಮ ಕಾರ್ಪೊರೇಟ್ ಸಿಬ್ಬಂದಿ ಕಮ್ಮಿ ಆಗ್ತಾರೆ ಅಂತ ಉದ್ಯೋಗಿಗಳಿಗೆ ಬರೆದಿದ್ರು.

ಓದಿದವರಿಗೆ ತಲೆ ಕೆಡೋದು ಸಹಜ. ಎಐ ಕಾರಣವೋ ಅಲ್ಲವೋ? ಕೋಡ್ ಬರೆಯೋ ಕೆಲಸ ಉಳಿಯುತ್ತೋ ಇಲ್ವೋ? ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡೋರನ್ನ ನಂಬಬೇಡಿ, ಯಾಕಂದ್ರೆ ಟೆಕ್ ಕಂಪನಿಯ ದೊಡ್ಡವರು ಆಡೋ ಮಾತು ಯಾರಿಗೆ ಆಡಿದ್ದು ಅನ್ನೋದರ ಮೇಲೆ ಅದರ ಅರ್ಥ ಬದಲಾಗುತ್ತೆ. ಉದ್ಯೋಗಿಗೆ ಹೇಳೋದೇ ಬೇರೆ, ಷೇರುದಾರರಿಗೆ ಹೇಳೋದೇ ಬೇರೆ, ಎಐ ಪ್ರಾಡಕ್ಟ್ ಕೊಳ್ಳೋ ಗಿರಾಕಿಗೆ ಹೇಳೋದೇ ಬೇರೆ, ಆಮೇಲೆ ಇವೆಲ್ಲಾ ಒಂದೇ ಹೆಡ್‌ಲೈನ್ ಒಳಗೆ ಬಂದು ಬೀಳುತ್ತೆ.

"ಎಐ ಕಾರಣ" ಅನ್ನೋದಕ್ಕೆ ಮೂರು ಅರ್ಥ

ಮೊದಲನೇ ಅರ್ಥ ನಾವೆಲ್ಲಾ ಅಂದುಕೊಳ್ಳೋದು: ಒಬ್ಬ ಮನುಷ್ಯ ಮಾಡ್ತಿದ್ದ ಕೆಲಸವನ್ನ ಈಗ ಸಾಫ್ಟ್‌ವೇರ್ ಮಾಡ್ತಿದೆ, ಹಾಗಾಗಿ ಆ ಮನುಷ್ಯ ಬೇಡ. ಇದು ಕೆಲವು ಕಡೆ ನಿಜ, ಕಸ್ಟಮರ್ ಸಪೋರ್ಟ್, ಸಣ್ಣ ಅನುವಾದ, ಸಾಧಾರಣ ಬರವಣಿಗೆ ಇಂಥ ಕಡೆ ಆಗಿದೆ.

ಎರಡನೇದು, ಎಐ ಕೆಲಸ ಮಾಡಿದ್ದಕ್ಕಲ್ಲ, ಎಐಗೆ ಸುರಿಯೋ ದುಡ್ಡು ಎಲ್ಲಿಂದಾದ್ರೂ ಬರಬೇಕಲ್ಲ, ಅದಕ್ಕೆ. ಮೈಕ್ರೋಸಾಫ್ಟ್ 2025ರ ಹಣಕಾಸು ವರ್ಷದಲ್ಲಿ ಎಐ ಡೇಟಾ ಸೆಂಟರ್‌ಗಳಿಗೆ ಸುಮಾರು 80 ಬಿಲಿಯನ್, ಅಂದ್ರೆ 8,000 ಕೋಟಿ ಡಾಲರ್ ಹಾಕ್ತೀವಿ ಅಂತ ಹೇಳಿತ್ತು. ಅದೇ ಕಂಪನಿ 2025ರ ಮೇ ತಿಂಗಳಲ್ಲಿ ಸುಮಾರು 6,000, ಜುಲೈನಲ್ಲಿ ಸುಮಾರು 9,000 ಜನರನ್ನ ಕೈಬಿಟ್ಟಿತು. ಚಿಪ್ಪು, ಕಟ್ಟಡ, ಕರೆಂಟು ಇವುಗಳ ಖರ್ಚು ಏರ್ತಾ ಹೋದಾಗ ಲಾಭದ ಅಂಚು ಕಾಪಾಡ್ಕೊಳ್ಳೋಕೆ ಕೈಗೆ ಸಿಗೋದು ಸಂಬಳದ ಖರ್ಚು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಕೆಲಸ ಕಳ್ಕೊಂಡ ಡೆವಲಪರ್‌ಗೆ ನನ್ನ ಕೆಲಸ ಈಗ ಎಐ ಮಾಡುತ್ತೆ ಅಂತ ಅನ್ನಿಸಬಹುದು, ಆದ್ರೆ ಎಷ್ಟೋ ಸಲ ಅವರ ಕೆಲಸ ಯಾವ ಟೂಲೂ ಮಾಡ್ತಾ ಇರಲ್ಲ, ಉಳಿದವರ ತಲೆ ಮೇಲೆ ಹಂಚಿ ಹೋಗಿರುತ್ತೆ.

ಮೂರನೇದು, ಹಳೇ ತಪ್ಪಿಗೆ ಹೊಸ ಹೆಸರು. ಇದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು.

ಲೇಆಫ್ ಶುರುವಾಗಿದ್ದು ಚಾಟ್‌ಜಿಪಿಟಿಗಿಂತ ಮುಂಚೆ

ತಾರೀಕು ನೋಡಿದ್ರೆ ಸಾಕು. ಮೆಟಾ 11,000 ಜನರನ್ನ ತೆಗೆದಿದ್ದು 2022ರ ನವೆಂಬರ್ 9ಕ್ಕೆ. ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು ಅದೇ ನವೆಂಬರ್ 30ಕ್ಕೆ. ಅದಾಗಿ ಎರಡೇ ತಿಂಗಳಿಗೆ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಅಂತ ಘೋಷಣೆ ಮಾಡಿದ್ವು. ಎರಡು ತಿಂಗಳಲ್ಲಿ ಯಾವ ಕಂಪನಿಯೂ ಅಷ್ಟು ಜನರ ಕೆಲಸವನ್ನ ಒಂದು ಚಾಟ್‌ಬಾಟ್‌ಗೆ ವರ್ಗಾಯಿಸೋಕೆ ಆಗಲ್ಲ.

ದೊಡ್ಡ ಕಾರಣ ಬಡ್ಡಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನ ಹೆಚ್ಚುಕಮ್ಮಿ ಸೊನ್ನೆಗೆ ಇಳಿಸ್ತು, ಎರಡು ವರ್ಷ ಹಾಗೇ ಇಟ್ಟಿತು. ದುಡ್ಡು ಅಗ್ಗ ಆದಾಗ ಮುಂದೆಂದೋ ಬರೋ ಲಾಭಕ್ಕೂ ಇವತ್ತೇ ಬೆಲೆ ಬರುತ್ತೆ, ಎಲ್ಲರೂ ಮನೇಲಿ ಕೂತು ಸ್ಕ್ರೀನ್ ನೋಡ್ತಿದ್ದ ಕಾಲ ಬೇರೆ, ಈ ಬೇಡಿಕೆ ಶಾಶ್ವತ ಅಂತ ಅಂದುಕೊಂಡು ಕಂಪನಿಗಳು ಸಿಕ್ಕಾಪಟ್ಟೆ ಜನರನ್ನ ತಗೊಂಡ್ವು. ಮೆಟಾ ಒಂದರಲ್ಲೇ 2019ರ ಕೊನೆಗೆ ಸುಮಾರು 45,000 ಇದ್ದ ಉದ್ಯೋಗಿಗಳು 2022ರ ಸೆಪ್ಟೆಂಬರ್ ಹೊತ್ತಿಗೆ 87,000 ದಾಟಿದ್ರು. 2022ರ ಮಾರ್ಚ್‌ನಿಂದ ಬಡ್ಡಿ ಏರೋಕೆ ಶುರುವಾಗಿ 2023ರ ಜುಲೈಗೆ 5.25ರಿಂದ 5.50 ಪರ್ಸೆಂಟ್‌ಗೆ ಹೋಯ್ತು, ಆಗ ಹೂಡಿಕೆದಾರರು ಬೆಳವಣಿಗೆ ಬಿಡಿ ಲಾಭ ತೋರಿಸಿ ಅಂದ್ರು.

ಇದರ ಜೊತೆಗೆ ಹೆಚ್ಚು ಜನ ಗಮನಿಸದ ಇನ್ನೊಂದು ವಿಷಯ ಇದೆ, ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 174. 2017ರ ಒಂದು ಕಾನೂನಿನ ಪ್ರಕಾರ 2022ರಿಂದ ಸಾಫ್ಟ್‌ವೇರ್ ಅಭಿವೃದ್ಧಿಗೆ ಮಾಡಿದ ಖರ್ಚನ್ನ ತೆರಿಗೆ ಲೆಕ್ಕ ಹಾಕುವಾಗ ಆ ವರ್ಷದ ಆದಾಯದಿಂದಲೇ ಪೂರ್ತಿ ಕಳೆಯೋ ಹಾಗಿರಲಿಲ್ಲ, ದೇಶದ ಒಳಗಿನ ಕೆಲಸವಾದ್ರೆ 5 ವರ್ಷಕ್ಕೆ, ಹೊರದೇಶದ್ದಾದ್ರೆ 15 ವರ್ಷಕ್ಕೆ ಹಂಚಬೇಕಿತ್ತು. ಅಂದ್ರೆ ಡೆವಲಪರ್‌ಗೆ ಸಂಬಳ ಕೊಟ್ಟು ಕೈಯಲ್ಲಿ ದುಡ್ಡೇ ಉಳಿಯದ ಸಣ್ಣ ಕಂಪನಿಯೂ ಕಾಗದದ ಮೇಲೆ ಲಾಭದಲ್ಲಿದೆ ಅಂತ ಆಗಿ ತೆರಿಗೆ ಕಟ್ಟಬೇಕಾಯ್ತು. ದೇಶದ ಒಳಗಿನ ಕೆಲಸಕ್ಕೆ ಇದನ್ನ ಸರಿಮಾಡಿದ್ದು 2025ರ ಜುಲೈನಲ್ಲಿ. ಬಡ್ಡಿ, ತೆರಿಗೆ, ಅತಿಯಾದ ನೇಮಕಾತಿ ಇವೆಲ್ಲಾ ಬೇಜಾರಿನ ವಿಷಯ, ಹೆಡ್‌ಲೈನ್‌ಗೆ ಒಗ್ಗಲ್ಲ. ನಾವು ಲೆಕ್ಕ ತಪ್ಪಿದ್ವಿ ಅಂತ ಒಪ್ಕೊಂಡ್ರೆ ಷೇರು ಬೀಳುತ್ತೆ, ನಾವು ಭವಿಷ್ಯಕ್ಕೆ ತಯಾರಾಗ್ತಿದ್ದೀವಿ ಅಂದ್ರೆ ಏರುತ್ತೆ. ಎಐ ಅನ್ನೋ ಪದ ಈ ಜಾಗದಲ್ಲಿ ಬಹಳ ಅನುಕೂಲಕ್ಕೆ ಬಂತು.

ಕಾಲು ಭಾಗ ಕೋಡ್ ಎಐದು ಅಂದ್ರೆ ಏನು?

2024ರ ಅಕ್ಟೋಬರ್‌ನಲ್ಲಿ ಗೂಗಲ್ ಸಿಇಒ ಸುಂದರ್ ಪಿಚೈ ನಮ್ಮ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಐ ತಯಾರಿಸುತ್ತೆ, ಆಮೇಲೆ ಎಂಜಿನಿಯರುಗಳು ರಿವ್ಯೂ ಮಾಡಿ ಒಪ್ತಾರೆ ಅಂದ್ರು. 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ ನಮ್ಮಲ್ಲಿ 20ರಿಂದ 30 ಪರ್ಸೆಂಟ್ ಇರಬಹುದು ಅಂದ್ರು. ಇದನ್ನ ಕೇಳಿದವರು ಹಾಗಾದ್ರೆ ಕಾಲು ಭಾಗ ಎಂಜಿನಿಯರುಗಳು ಬೇಡ ಅಂತ ಲೆಕ್ಕ ಹಾಕ್ತಾರೆ. ಎಡವೋದು ಇಲ್ಲೇ.

ಡೆವಲಪರ್ ಟೈಪ್ ಮಾಡುವಾಗ ಮುಂದಿನ ಸಾಲು ಎಡಿಟರ್‌ನಲ್ಲಿ ಮಂಕಾಗಿ ಕಾಣಿಸುತ್ತೆ, ಟ್ಯಾಬ್ ಒತ್ತಿದ್ರೆ ಅದು ಒಳಗೆ ಕೂರುತ್ತೆ, ಹೀಗೆ ಬಂದ ಕೋಡೂ ಎಐ ಬರೆದದ್ದರ ಲೆಕ್ಕಕ್ಕೆ ಸೇರುತ್ತೆ. ಏನು ಬರೀಬೇಕು ಅಂತ ಯೋಚಿಸಿದ್ದು ಆ ಮನುಷ್ಯನೇ, ಬೆರಳಿನ ಕೆಲಸ ಕಮ್ಮಿ ಆಗಿದೆ ಅಷ್ಟೇ. ವೆಬ್ ಡೆವಲಪರ್ ದಿನವನ್ನ ತೆಗೆದು ನೋಡಿದ್ರೆ ಟೈಪ್ ಮಾಡೋ ಹೊತ್ತು ಅದರಲ್ಲಿ ಒಂದು ಚೂರು. ಉಳಿದಿದ್ದೆಲ್ಲಾ ಬೇರೆ: ಕ್ಲೈಂಟ್ ಕೇಳ್ತಿರೋದು ನಿಜವಾಗ್ಲೂ ಏನು ಅಂತ ಅರ್ಥ ಮಾಡ್ಕೊಳ್ಳೋದು, ಐದು ವರ್ಷದ ಹಿಂದೆ ಯಾರೋ ಬರೆದು ಹೋದ ಕೋಡ್ ಯಾಕೆ ಹಾಗಿದೆ ಅಂತ ಕೆದಕೋದು, ಒಂದು ಬಟನ್ ಯಾವುದೋ ಒಂದೇ ಬ್ರೌಸರ್‌ನಲ್ಲಿ ಯಾಕೆ ಕೆಲಸ ಮಾಡಲ್ಲ ಅಂತ ಹುಡುಕೋದು, ಪೇಮೆಂಟ್ ಮಧ್ಯದಲ್ಲಿ ನೆಟ್ ಹೋದ್ರೆ ಎರಡು ಸಲ ದುಡ್ಡು ಕಟ್ ಆಗದ ಹಾಗೆ ನೋಡ್ಕೊಳ್ಳೋದು, ರಾತ್ರಿ ಸೈಟ್ ಬಿದ್ದರೆ ಏಳಿಸೋದು. ಇದರಲ್ಲಿ ಯಾವುದೂ ಸಾಲುಗಳ ಲೆಕ್ಕಕ್ಕೆ ಸಿಗಲ್ಲ.

ಪಿಚೈ ಅವರೇ 2025ರ ಜೂನ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಆಗ ಎಐ ಸಲಹೆಯಿಂದ ಬಂದ ಕೋಡ್ 30 ಪರ್ಸೆಂಟ್ ದಾಟಿತ್ತು, ಆದ್ರೆ ಎಂಜಿನಿಯರುಗಳ ಒಟ್ಟಾರೆ ವೇಗ ಹೆಚ್ಚಿದ್ದು ಅಂದಾಜು 10 ಪರ್ಸೆಂಟ್ ಅಂತ ಅವರು ಹೇಳಿದ್ರು, ಮುಂದಿನ ವರ್ಷ ಇನ್ನೂ ಹೆಚ್ಚು ಎಂಜಿನಿಯರುಗಳನ್ನ ತಗೋತೀವಿ ಅಂತಾನೂ ಹೇಳಿದ್ರು. 10 ಪರ್ಸೆಂಟ್ ಸಣ್ಣದಲ್ಲ, ಅಷ್ಟು ದೊಡ್ಡ ಕಂಪನಿಗೆ ಅದು ಬಹಳ ದೊಡ್ಡ ಲಾಭ. ಆದ್ರೆ ಹೆಡ್‌ಲೈನ್ ಆಗಿದ್ದು ಮೊದಲ ಅಂಕಿ, ಎರಡನೇದಲ್ಲ.

ಎರಡು ಪ್ರಯೋಗ, ಎರಡು ಉತ್ತರ

ಎಐ ಟೂಲ್‌ನಿಂದ ಕೆಲಸ ಬೇಗ ಆಗುತ್ತಾ ಅನ್ನೋದಕ್ಕೆ ಒಂದಕ್ಕೊಂದು ವಿರುದ್ಧ ಅನ್ನಿಸೋ ಎರಡು ಫಲಿತಾಂಶ ಇದೆ, ಎರಡೂ ಕಡೆಯವರು ತಮಗೆ ಬೇಕಾದ್ದನ್ನ ಹಿಡ್ಕೊಂಡು ಜಗಳ ಆಡ್ತಾರೆ. 2023ರಲ್ಲಿ ಬಂದ, ಕೋಡ್ ಬರೆಯೋಕೆ ನೆರವಾಗೋ ಗಿಟ್‌ಹಬ್ ಕೋಪೈಲಟ್ ಅನ್ನೋ ಎಐ ಟೂಲ್‌ನ ಪ್ರಯೋಗದಲ್ಲಿ 95 ಪ್ರೋಗ್ರಾಮರ್‌ಗಳಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ (ಬ್ರೌಸರ್ ಕೇಳಿದ ಪೇಜನ್ನ ಕಳಿಸೋ ಪ್ರೋಗ್ರಾಂ) ಬರೆಯೋಕೆ ಕೊಟ್ರು, ಟೂಲ್ ಇದ್ದವರು 55.8 ಪರ್ಸೆಂಟ್ ಬೇಗ ಮುಗಿಸಿದ್ರು. 2025ರ ಜುಲೈನಲ್ಲಿ ಮೀಟರ್ (METR) ಅನ್ನೋ ಸಂಶೋಧನಾ ಸಂಸ್ಥೆ ಇನ್ನೊಂದು ಪ್ರಯೋಗ ಪ್ರಕಟಿಸ್ತು. ಅದರಲ್ಲಿ 16 ಅನುಭವಿ ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ಬಳಸಬಹುದಾದ ಸಾಫ್ಟ್‌ವೇರ್) ಡೆವಲಪರ್‌ಗಳು, ಅವರು ಸರಾಸರಿ 5 ವರ್ಷ ಕೆಲಸ ಮಾಡಿದ್ದ ತಮ್ಮದೇ ದೊಡ್ಡ ಪ್ರಾಜೆಕ್ಟ್‌ಗಳು, ಒಟ್ಟು 246 ಕೆಲಸ. ಎಐ ಬಳಸಿದಾಗ ಅವರಿಗೆ 19 ಪರ್ಸೆಂಟ್ ಹೆಚ್ಚು ಹೊತ್ತು ಹಿಡೀತು. ಮೊದಲು ಅವರನ್ನ ಕೇಳಿದಾಗ 24 ಪರ್ಸೆಂಟ್ ಬೇಗ ಆಗುತ್ತೆ ಅಂದಿದ್ರು, ಎಲ್ಲಾ ಮುಗಿದ ಮೇಲೂ 20 ಪರ್ಸೆಂಟ್ ಬೇಗ ಆಯ್ತು ಅಂತಲೇ ನಂಬಿದ್ರು.

ಇವೆರಡೂ ನಿಜ ಆಗಿರೋಕೆ ಏನೂ ಅಡ್ಡಿ ಇಲ್ಲ. ಖಾಲಿ ಜಾಗದಲ್ಲಿ ಎಲ್ಲರಿಗೂ ಗೊತ್ತಿರೋ ಥರದ ಒಂದು ಸಣ್ಣ ಸರ್ವರ್ ಕಟ್ಟೋದಕ್ಕೆ ಇಂಟರ್ನೆಟ್ ತುಂಬಾ ಮಾದರಿ ಇದೆ, ಟೂಲ್ ಅದನ್ನ ನೋಡಿಯೇ ಕಲಿತಿರೋದು. ಲಕ್ಷಾಂತರ ಸಾಲಿನ ಹಳೇ ಪ್ರಾಜೆಕ್ಟ್‌ನಲ್ಲಿ ಎಲ್ಲಿ ಮುಟ್ಟಿದ್ರೆ ಎಲ್ಲಿ ಒಡೆಯುತ್ತೆ ಅನ್ನೋ ತಿಳುವಳಿಕೆ ಎಲ್ಲೂ ಬರೆದಿರಲ್ಲ, ಅದು ಮಾಡಿದವರ ತಲೆಯಲ್ಲಿರುತ್ತೆ, ಅಲ್ಲಿ ಟೂಲ್ ಕೊಟ್ಟಿದ್ದನ್ನ ಓದಿ, ತಪ್ಪು ಹುಡುಕಿ, ತಿದ್ದೋ ಹೊತ್ತಿಗೆ ತಾನೇ ಬರೆಯೋದು ಬೇಗ ಆಗ್ತಿತ್ತು. ಮೀಟರ್ ಪ್ರಯೋಗ ಸಣ್ಣದು, 2025ರ ಶುರುವಿನ ಟೂಲ್‌ಗಳದ್ದು, ಆಮೇಲೆ ಟೂಲ್‌ಗಳು ಸುಧಾರಿಸಿವೆ, ಅದನ್ನೂ ಮರೀಬಾರದು. ಆದ್ರೆ ಬೇಗ ಆಗ್ತಿದೆ ಅನ್ನೋ ಅನಿಸಿಕೆಗೂ ಗಡಿಯಾರಕ್ಕೂ ಇಷ್ಟು ಅಂತರ ಇರಬಹುದು ಅನ್ನೋದು ನನ್ನ ಪ್ರಕಾರ ಅದರಲ್ಲಿರೋ ದೊಡ್ಡ ಸುದ್ದಿ, ಯಾಕಂದ್ರೆ ಕಂಪನಿಗಳು ಉತ್ಪಾದಕತೆ ಹೆಚ್ಚಾಯ್ತು ಅನ್ನೋದನ್ನ ಎಷ್ಟೋ ಸಲ ಉದ್ಯೋಗಿಗಳನ್ನ ಕೇಳಿಯೇ ತೀರ್ಮಾನ ಮಾಡೋದು.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರದ ಸೈಟ್ ಸ್ಟ್ಯಾಕ್ ಓವರ್‌ಫ್ಲೋದ 2025ರ ಸರ್ವೆಯಲ್ಲಿ 84 ಪರ್ಸೆಂಟ್ ಡೆವಲಪರ್‌ಗಳು ಎಐ ಟೂಲ್ ಬಳಸ್ತೀವಿ ಇಲ್ಲಾ ಬಳಸೋಕೆ ಹೊರಟಿದ್ದೀವಿ ಅಂದ್ರು, ಅದರ ಉತ್ತರದ ನಿಖರತೆ ಮೇಲೆ ನಂಬಿಕೆ ಇಲ್ಲ ಅಂದವರು 46 ಪರ್ಸೆಂಟ್, ಇದೆ ಅಂದವರು 33. ಇದರಲ್ಲಿ ವಿರೋಧಾಭಾಸ ಏನಿಲ್ಲ. ಬಳಸೋದು ಬೇರೆ, ನಂಬಿ ಬಿಡೋದು ಬೇರೆ.

ಇದು ಹೊಸ ಕಥೆ ಅಲ್ಲ

ಪ್ರೋಗ್ರಾಮರ್ ಇನ್ನು ಬೇಡ ಅನ್ನೋ ಮಾತಿಗೆ ಪ್ರೋಗ್ರಾಮಿಂಗ್‌ನಷ್ಟೇ ವಯಸ್ಸಾಗಿದೆ. ಫೋರ್ಟ್ರಾನ್ ಭಾಷೆ ಬರ್ತಿದ್ದಾಗ, 1954ರ ಐಬಿಎಂ ವರದಿಯೊಂದರಲ್ಲಿ ಇದರಿಂದ ಕೋಡಿಂಗೂ, ತಪ್ಪು ಹುಡುಕಿ ತಿದ್ದೋ ಡೀಬಗ್ಗಿಂಗೂ ಹೆಚ್ಚುಕಮ್ಮಿ ಇಲ್ಲದಂಗೆ ಆಗುತ್ತೆ ಅಂತ ಬರೆದಿದ್ರು. ಫೋರ್ಟ್ರಾನ್ ನಿಜಕ್ಕೂ ದೊಡ್ಡ ಸಾಧನೆ, ಕೋಡ್ ಬರೆಯೋದು ಸುಲಭ ಆಯ್ತು, ಸುಲಭ ಆಗಿದ್ದಕ್ಕೇ ಜಗತ್ತು ಇನ್ನೂ ಹೆಚ್ಚು ಪ್ರೋಗ್ರಾಂ ಕೇಳ್ತು, ಪ್ರೋಗ್ರಾಮರ್‌ಗಳು ಜಾಸ್ತಿ ಆದ್ರು.

ಇತ್ತೀಚಿನ ಅಲೆಗಳನ್ನ ನೋಡಿ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಐಸ್ಡ್ ಟೀ ಕಂಪನಿ ಬಿಟ್‌ಕಾಯಿನ್ ಹಿಂದಿರೋ ತಂತ್ರಜ್ಞಾನದ ಹೆಸರು ಸೇರಿಸಿ ತನ್ನ ಹೆಸರನ್ನ ಲಾಂಗ್ ಬ್ಲಾಕ್‌ಚೈನ್ ಅಂತ ಬದಲಾಯಿಸಿಕೊಂಡಿದ್ದೇ ತಡ, ಷೇರು ಬೆಲೆ ಒಂದೇ ದಿನದಲ್ಲಿ ಎರಡು ಪಟ್ಟಿಗಿಂತ ಮೇಲೆ ಹೋಯ್ತು, ಮುಂದಿನ ವರ್ಷ ನಾಸ್ಡಾಕ್ ಷೇರುಪೇಟೆ ಅದನ್ನ ಪಟ್ಟಿಯಿಂದ ತೆಗೀತು. 2021ರ ಮಾರ್ಚ್‌ನಲ್ಲಿ ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿಯ ಮೊದಲ ಟ್ವೀಟ್‌ನ ಎನ್‌ಎಫ್‌ಟಿ (ಇದರ ಮಾಲೀಕರು ನಾವು ಅನ್ನೋ ಡಿಜಿಟಲ್ ಟೋಕನ್) 29 ಲಕ್ಷ ಡಾಲರ್‌ಗೆ ಮಾರಾಟ ಆಯ್ತು, ಮರುವರ್ಷ ಅದನ್ನ ಹರಾಜಿಗಿಟ್ಟಾಗ ಬಂದ ಅತಿ ದೊಡ್ಡ ಬಿಡ್ ಸುಮಾರು 280 ಡಾಲರ್. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಆಯ್ತು, ಹೆಡ್‌ಸೆಟ್ ಹಾಕ್ಕೊಂಡು ಓಡಾಡೋ ವರ್ಚುವಲ್ ಜಗತ್ತು, ಅಂದ್ರೆ ಮೆಟಾವರ್ಸ್ ಕಟ್ಟೋ ಅದರ ವಿಭಾಗ 2022 ಒಂದೇ ವರ್ಷದಲ್ಲಿ 13.7 ಬಿಲಿಯನ್ ಡಾಲರ್ ನಷ್ಟ ತೋರಿಸ್ತು.

ಎಐ ಇವುಗಳ ಥರ ಟೊಳ್ಳು ಅಂತ ನಾನು ಹೇಳ್ತಿಲ್ಲ. ಅದು ದಿನಾ ಕೋಟ್ಯಂತರ ಜನರ ಕೈಯಲ್ಲಿ ಕೆಲಸ ಮಾಡ್ತಿದೆ. ಆದ್ರೆ ಹೈಪ್ ಓಡೋ ದಾರಿ ಮಾತ್ರ ಅದೇ. ಒಂದು ಹೊಸ ತಂತ್ರಜ್ಞಾನ ಬಂದಾಗ ಅದರಲ್ಲಿ ದುಡ್ಡು ಹಾಕಿದವರಿಗೆ ಅದು ಎಲ್ಲವನ್ನೂ ಬದಲಿಸುತ್ತೆ ಅನ್ನೋ ಮಾತು ಬೇಕು, ಇಲ್ಲಾಂದ್ರೆ ಹಾಕಿದ ಬೆಲೆಗೆ ಅರ್ಥ ಇರಲ್ಲ. ಉಳಿದ ಕಂಪನಿಗಳ ಬೋರ್ಡ್‌ಗಳಿಗೆ ಹಿಂದೆ ಬೀಳ್ತೀವಿ ಅನ್ನೋ ಭಯ, ಹಾಗಾಗಿ ಸಿಇಒ ಏನಾದ್ರೂ ಘೋಷಣೆ ಮಾಡಲೇಬೇಕು. ಅದು ಕೆಳಗಿಳಿದು ಮ್ಯಾನೇಜರ್‌ಗೆ ಟಾರ್ಗೆಟ್ ಆಗುತ್ತೆ, ಡೆವಲಪರ್‌ಗೆ ರೆಸ್ಯೂಮೆಯಲ್ಲಿ ಹಾಕ್ಕೊಳ್ಳೋ ಪದ ಆಗುತ್ತೆ, ಮುಂದಿನ ಜಾಬ್ ಪೋಸ್ಟಿಂಗ್‌ನಲ್ಲಿ ಅದೇ ಪದ ಕೇಳ್ತಾರೆ, ಕಲೀದೆ ಇದ್ರೆ ಕೆಲಸ ಇಲ್ಲ ಅಂತ ಎಲ್ಲರೂ ಕಲೀತಾರೆ. ಎಲ್ಲರೂ ಕಲೀತಿದ್ದಾರೆ ಅನ್ನೋದೇ ಆಮೇಲೆ ಅದು ನಿಜ ಅನ್ನೋದಕ್ಕೆ ಸಾಕ್ಷಿ ಆಗಿಬಿಡುತ್ತೆ.

ಒಂದು ಅಪ್ಲಿಕೇಶನ್ನನ್ನ ಸಣ್ಣ ಸಣ್ಣ ಸರ್ವಿಸ್‌ಗಳಾಗಿ ಒಡೆದು ಕಟ್ಟೋ ಮೈಕ್ರೋಸರ್ವಿಸ್ ಅಲೆಯಲ್ಲೂ ಹೀಗೇ ಆಗಿತ್ತು. ನೂರಾರು ಟೀಮ್ ಇರೋ ಕಂಪನಿಗೆ ಬೇಕಿದ್ದ ವಿನ್ಯಾಸವನ್ನ ಐದು ಜನರ ಟೀಮ್‌ಗಳೂ ತಲೆ ಮೇಲೆ ಹೊತ್ತುಕೊಂಡ್ವು, 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ಟೀಮ್ ತನ್ನ ವಿಡಿಯೋ ಗುಣಮಟ್ಟ ನೋಡೋ ಸರ್ವಿಸ್‌ನ ಚೂರುಗಳನ್ನ ಮತ್ತೆ ಒಂದೇ ಅಪ್ಲಿಕೇಶನ್ ಮಾಡಿ 90 ಪರ್ಸೆಂಟ್ ಖರ್ಚು ಉಳಿಸಿದ್ವಿ ಅಂತ ಬರೀತು.

ಮೇಲಿಂದ ಬರೋ ಆರ್ಡರ್

2025ರ ಏಪ್ರಿಲ್‌ನಲ್ಲಿ, ಆನ್‌ಲೈನ್ ಅಂಗಡಿ ಕಟ್ಟಿಕೊಡೋ ಕಂಪನಿ ಶಾಪಿಫೈನ ಸಿಇಒ ಟೋಬಿ ಲುಟ್ಕೆ, ಹೊಸ ಜನ ಬೇಕು ಅಂತ ಕೇಳೋ ಮುಂಚೆ ಆ ಕೆಲಸ ಎಐ ಕೈಲಿ ಯಾಕೆ ಆಗಲ್ಲ ಅಂತ ತೋರಿಸಿ ಅಂದ್ರು, ಎಐ ಬಳಕೆಯನ್ನ ಪರ್ಫಾರ್ಮೆನ್ಸ್ ರಿವ್ಯೂಗೂ ಸೇರಿಸಿದ್ರು. ಕ್ರಿಪ್ಟೋ ವಹಿವಾಟಿನ ಕಂಪನಿ ಕಾಯಿನ್‌ಬೇಸ್‌ನ ಸಿಇಒ ಬ್ರಯಾನ್ ಆರ್ಮ್‌ಸ್ಟ್ರಾಂಗ್ ಎಐ ಟೂಲ್ ಸೆಟಪ್ ಮಾಡ್ಕೊಳ್ಳದ ಕೆಲವು ಎಂಜಿನಿಯರುಗಳನ್ನ ತೆಗೆದ್ವಿ ಅಂತ ತಾವೇ ಹೇಳಿಕೊಂಡ್ರು. ಈ ಕಡೆಯವರ ವಾದ ಏನಂದ್ರೆ, ಒತ್ತಾಯ ಮಾಡದಿದ್ರೆ ಜನ ಹಳೇ ಅಭ್ಯಾಸ ಬಿಡಲ್ಲ, ಕಲಿಯೋಕೆ ಆರಂಭದಲ್ಲಿ ಸ್ವಲ್ಪ ತಳ್ಳಬೇಕು. ಅದರಲ್ಲಿ ಸ್ವಲ್ಪ ಸತ್ಯ ಇದೆ.

ತೊಂದರೆ ಆಗೋದು ಬಳಕೆಯನ್ನೇ ಅಳೆಯೋಕೆ ಶುರುಮಾಡಿದಾಗ. ಒಳ್ಳೇ ಫಲಿತಾಂಶ ಅಳೆಯೋದು ಕಷ್ಟ, ಎಷ್ಟು ಸಲ ಟೂಲ್ ತೆರೆದ್ರು ಅಂತ ಎಣಿಸೋದು ಸುಲಭ. ಎಣಿಸ್ತಿದ್ದಾರೆ ಅಂತ ಗೊತ್ತಾದ ಮೇಲೆ ಬೇಕಿದ್ರೂ ಬೇಡದಿದ್ರೂ ಟೂಲ್ ಓಡುತ್ತೆ, ದೊಡ್ಡ ದೊಡ್ಡ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ನೋಡಿ ಸೇರಿಸಿ ಅನ್ನೋ ಕೋರಿಕೆ) ಬರುತ್ತೆ, ಓದೋರು ಮಾತ್ರ ಅಷ್ಟೇ ಜನ. ಬರೆಯೋ ವೇಗ ಹೆಚ್ಚಾಗಿ ಓದೋ ವೇಗ ಹಾಗೇ ಇದ್ರೆ ಮಧ್ಯದಲ್ಲಿ ರಾಶಿ ಬೀಳುತ್ತೆ, ರಾಶಿ ಬಿದ್ದಾಗ ಜನ ಸರಿಯಾಗಿ ನೋಡದೆ ಅಪ್ರೂವ್ ಮಾಡ್ತಾರೆ. ಸಾಫ್ಟ್‌ವೇರ್ ಟೀಮ್‌ಗಳ ಕೆಲಸ ಹೇಗಿದೆ ಅಂತ ನೋಡೋ ಗೂಗಲ್‌ನ 2024ರ ಡೋರಾ ವರದಿ ಅಂದಾಜಿನಲ್ಲೂ ಎಐ ಬಳಕೆ 25 ಪರ್ಸೆಂಟ್ ಹೆಚ್ಚಿದ್ದರ ಜೊತೆ ಡೆಲಿವರಿಯ ಸ್ಥಿರತೆ, ಅಂದ್ರೆ ಬಿಟ್ಟ ಕೋಡ್ ಒಡೆಯದೆ ನಿಲ್ಲೋದು, 7.2 ಪರ್ಸೆಂಟ್ ಇಳಿದಿತ್ತು.

ಟೂಲ್ ಕೆಟ್ಟದ್ದಲ್ಲ, ಯಾರ ಕೈಯಲ್ಲಿದೆ ಅನ್ನೋದು ಮುಖ್ಯ

ಇಂಟರ್ನೆಟ್ ಮೂಲಕ ಡೇಟಾ ಕಳಿಸೋ ತರಿಸೋ ಕರ್ಲ್ ಪ್ರಾಜೆಕ್ಟ್ ಇದಕ್ಕೆ ಒಳ್ಳೇ ಉದಾಹರಣೆ. ಅಪಾರ ಸಂಖ್ಯೆಯ ಸಾಧನಗಳಲ್ಲಿ ಇರೋ ಈ ಸಾಫ್ಟ್‌ವೇರ್ ನೋಡ್ಕೊಳ್ಳೋ ಡೇನಿಯಲ್ ಸ್ಟೆನ್‌ಬರ್ಗ್, ಎಐಯಿಂದ ಹುಟ್ಟಿಸಿದ ಸುಳ್ಳು ಸೆಕ್ಯೂರಿಟಿ ರಿಪೋರ್ಟ್‌ಗಳು ನಮ್ಮ ಪುಟ್ಟ ಟೀಮ್‌ನ ಜೀವ ಹಿಂಡ್ತಿದೆ ಅಂತ ಬಹಿರಂಗವಾಗಿ ಹೇಳ್ತಾ ಬಂದಿದ್ದಾರೆ. ಇಲ್ಲದ ಬಗ್ ಬಗ್ಗೆ ಓದೋಕೆ ಚೆಂದ ಇರೋ ಉದ್ದನೆಯ ವರದಿ ಬರುತ್ತೆ, ಅದು ಸುಳ್ಳು ಅಂತ ಖಾತ್ರಿ ಮಾಡೋಕೆ ಮನುಷ್ಯರ ಗಂಟೆಗಳು ಹೋಗುತ್ತೆ. ಆದ್ರೆ 2025ರ ಸೆಪ್ಟೆಂಬರ್‌ನಲ್ಲಿ ವಿಷಯ ಬಲ್ಲ ಒಬ್ಬ ಸಂಶೋಧಕ ಎಐ ಟೂಲ್‌ಗಳಿಂದಲೇ ಹುಡುಕಿ ತೆಗೆದ ನಿಜವಾದ ದೋಷಗಳ ಪಟ್ಟಿ ಕಳಿಸಿದಾಗ ಇದೇ ಸ್ಟೆನ್‌ಬರ್ಗ್ ಮನಸಾರೆ ಹೊಗಳಿದ್ರು. ತಂತ್ರಜ್ಞಾನ ಒಂದೇ ಥರದ್ದು. ಒಬ್ಬರು ಬಂದ ಉತ್ತರವನ್ನ ತಮ್ಮ ತಿಳುವಳಿಕೆಯಿಂದ ಜರಡಿ ಹಿಡಿದ್ರು, ಇನ್ನೊಬ್ಬರು ಬಂದಿದ್ದನ್ನ ಬಂದಂಗೇ ಕಳಿಸಿದ್ರು.

ಕೋಡ್ ಓದದೆ ಎಐ ಕೊಟ್ಟಿದ್ದನ್ನ ಒಪ್ಕೊಳ್ತಾ ಹೋಗೋ ವೈಬ್ ಕೋಡಿಂಗ್ ಅನ್ನೋ ಪದಕ್ಕೂ ಇದೇ ಗತಿ ಆಯ್ತು. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕಾರ್ಪಾತಿ ಇದನ್ನ ಹೇಳಿದಾಗ ವಾರಾಂತ್ಯದಲ್ಲಿ ಮಾಡಿ ಬಿಸಾಕೋ ಪ್ರಾಜೆಕ್ಟ್‌ಗಳಿಗೆ ಪರವಾಗಿಲ್ಲ ಅಂತಲೇ ಹೇಳಿದ್ರು, ಆ ಷರತ್ತು ದಾರೀಲೇ ಉದುರಿ ಹೋಗಿ ಕಂಪನಿ ಕಟ್ಟೋ ವಿಧಾನ ಅಂತ ಮಾರಾಟ ಆಗೋಕೆ ಶುರುವಾಯ್ತು. ಅದೇ ವರ್ಷ ಜುಲೈನಲ್ಲಿ, ಬ್ರೌಸರ್‌ನಲ್ಲೇ ಕೋಡ್ ಬರೆಯೋ ಸೇವೆ ರೆಪ್ಲಿಟ್‌ನ ಎಐ ಏಜೆಂಟ್ (ತಾನೇ ಕೆಲಸ ಮಾಡೋ ಟೂಲ್) ಏನೂ ಮುಟ್ಟಬೇಡ ಅಂದಿದ್ದ ಕೋಡ್ ಫ್ರೀಝ್ ಸಮಯದಲ್ಲೇ ಒಬ್ಬ ಬಳಕೆದಾರರ ಲೈವ್ ಡೇಟಾಬೇಸ್ ಅಳಿಸಿತು, ಆಮೇಲೆ ವಾಪಸ್ ತರೋಕೆ ಆಗಲ್ಲ ಅಂತಾನೂ ಹೇಳ್ತು, ಆದ್ರೆ ಬಳಕೆದಾರರು ತಾವೇ ಪ್ರಯತ್ನ ಪಟ್ಟಾಗ ಡೇಟಾ ವಾಪಸ್ ಬಂತು. ಕಂಪನಿ ಸಿಇಒ ಕ್ಷಮೆ ಕೇಳಿದ್ರು.

ಸ್ವೀಡನ್‌ನ ಪೇಮೆಂಟ್ ಕಂಪನಿ ಕ್ಲಾರ್ನಾದ್ದು ಇನ್ನೊಂದು ಪಾಠ. 2024ರ ಫೆಬ್ರವರಿಯಲ್ಲಿ ನಮ್ಮ ಎಐ ಅಸಿಸ್ಟೆಂಟ್ 700 ಕಸ್ಟಮರ್ ಸಪೋರ್ಟ್ ಏಜೆಂಟ್‌ಗಳ ಕೆಲಸ ಮಾಡ್ತಿದೆ ಅಂತ ಕಂಪನಿ ಸಾರಿತು. 2025ರ ಮೇನಲ್ಲಿ ಸಿಇಒ ಖರ್ಚಿಗೆ ಅತಿಯಾಗಿ ಗಮನ ಕೊಟ್ಟು ಗುಣಮಟ್ಟ ಇಳೀತು, ಮತ್ತೆ ಮನುಷ್ಯರನ್ನ ತಗೋತೀವಿ ಅಂದ್ರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರೆ ಕುಲಾವಿ ಅಷ್ಟೇ ವೇಸ್ಟ್, ಇಲ್ಲಿ ಮಾತ್ರ ಮಧ್ಯೆ ಬದುಕುಗಳಿದ್ದವು.

ಬಿಲ್ ಯಾರ ಹೆಸರಿಗೆ

ಹಾಗಾದ್ರೆ ಏನೂ ಆಗಿಲ್ಲ ಅಂತ ಸಮಾಧಾನ ಪಟ್ಕೊಳ್ಳೋ ಹಾಗೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಬೇರೆ ಕಂಪನಿಗಳ ಸಂಬಳದ ಲೆಕ್ಕ ನೋಡೋ ಅಮೆರಿಕದ ದೊಡ್ಡ ಪೇರೋಲ್ ಕಂಪನಿ ಎಡಿಪಿಯ ದತ್ತಾಂಶ ನೋಡಿ, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಶಿಖರದಿಂದ 2025ರ ಜುಲೈಗೆ ಹೆಚ್ಚುಕಮ್ಮಿ 20 ಪರ್ಸೆಂಟ್ ಇಳಿದಿದೆ ಅಂತ ತೋರಿಸಿದ್ರು. ಅನುಭವಿಗಳಿಗೆ ಅಂಥ ಇಳಿತ ಇರಲಿಲ್ಲ. ಇದಕ್ಕೂ ಬಡ್ಡಿ ಮತ್ತು ತೆರಿಗೆಯೇ ಕಾರಣ ಅಂತ ವಾದ ಮಾಡೋರಿದ್ದಾರೆ, ಇರಬಹುದು, ಆದ್ರೆ ಬಡ್ಡಿ ಎಲ್ಲಾ ವಯಸ್ಸಿನವರಿಗೂ ಏರುತ್ತೆ, ಪೆಟ್ಟು ಬಿದ್ದಿದ್ದು ಮಾತ್ರ ಈಗತಾನೇ ಕಾಲಿಟ್ಟವರಿಗೆ ಯಾಕೆ ಅನ್ನೋ ಪ್ರಶ್ನೆ ಉಳಿಯುತ್ತೆ. ನನಗನ್ನಿಸೋದು ಎರಡೂ ಸೇರಿದೆ ಅಂತ: ದುಡ್ಡು ಬಿಗಿ ಆದಾಗ ಕಂಪನಿ ಮೊದಲು ನಿಲ್ಲಿಸೋದು ಹೊಸಬರ ನೇಮಕಾತಿ, ಅದನ್ನ ಮತ್ತೆ ಶುರು ಮಾಡದೇ ಇರೋಕೆ ಎಐ ಒಂದು ಒಳ್ಳೇ ಕಾರಣ ಕೊಡ್ತು.

ಜೂನಿಯರ್‌ಗೆ ಕೊಡ್ತಿದ್ದ ಕೆಲಸ ಯಾವುದು ಅಂತ ನೆನಪಿಸ್ಕೊಳ್ಳಿ. ಒಂದು ಫಾರ್ಮ್ ಸರಿ ಮಾಡು, ಸಣ್ಣ ಬಗ್ ನೋಡು, ಟೆಸ್ಟ್ ಬರಿ. ಟೂಲ್ ಚೆನ್ನಾಗಿ ಮಾಡೋದೂ ಅದನ್ನೇ. ಕಂಪನಿಗೆ ಆ ಫಾರ್ಮ್ ಅಗ್ಗಕ್ಕೆ ಸಿಕ್ತು, ಆದ್ರೆ ಆ ಫಾರ್ಮ್ ಸರಿ ಮಾಡೋ ನೆಪದಲ್ಲಿ ಒಬ್ಬರು ಇಡೀ ಕೋಡ್‌ಬೇಸ್ ಒಳಗೆ ಓಡಾಡಿ, ತಪ್ಪು ಮಾಡಿ, ಹಿರಿಯರ ಕೈಲಿ ತಿದ್ದಿಸಿಕೊಂಡು ಬೆಳೀತಿದ್ರಲ್ಲ, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಅದು ಹೋಗಿದ್ದೂ ಲೆಕ್ಕಕ್ಕೆ ಬರ್ತಿಲ್ಲ. ಕಂಪನಿಗಳು ಇವತ್ತು ಎಐ ಕೋಡ್ ನಮ್ಮ ಎಂಜಿನಿಯರುಗಳು ರಿವ್ಯೂ ಮಾಡ್ತಾರೆ ಅಂತ ಭರವಸೆಯಿಂದ ಹೇಳ್ತಿವೆ. ಮೀಟರ್ ಪ್ರಯೋಗದಲ್ಲಿ ಟೂಲ್ ಕೊಟ್ಟಿದ್ದು ತಮ್ಮ ಪ್ರಾಜೆಕ್ಟ್‌ಗೆ ಒಗ್ಗಲ್ಲ ಅಂತ ಗುರುತಿಸಿ ತಳ್ಳಿಹಾಕ್ತಿದ್ದವರು ಆ ಕೋಡ್ ಜೊತೆ ಸರಾಸರಿ 5 ವರ್ಷ ಬದುಕಿದವರು. 2024ರಲ್ಲಿ, 2025ರಲ್ಲಿ ಕೆಲಸ ಸಿಗದೆ ಬೇರೆ ದಾರಿ ಹಿಡಿದ ಹುಡುಗ ಹುಡುಗಿಯರು 2030ಕ್ಕೆ ಆ ಐದು ವರ್ಷದ ಅನುಭವ ಇರೋರಾಗಿ ಅಲ್ಲಿ ಕೂತಿರಬೇಕಿತ್ತು.